ಹಳೆ ಟುಟುವಿಗೆ ಹೊಸ ಕಂಬಿ

ಟುಟು ಅಂದರೆ ಬ್ಯಾಲೆ ನೃತ್ಯದಲ್ಲಿ ಹುಡುಗಿಯರು ತೊಡುವ, ಸೊಂಟದ ಸುತ್ತ ನೆಟ್ ಪದರಗಳು ಅಗಲವಾಗಿ ಚಾಚಿಕೊಂಡಿರುವ ಉಡುಪು. ಅದರ ರಿಪೇರಿ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ನೆಟ್ ಮೇಲೆ. ಹಳದಿಯಾಗಿದೆ, ಹರಿದಿದೆ, ಕಿತ್ತು ಹೊಸದು ಹಾಕಿ ಅಂತಾರೆ. ಆದರೆ ಆ ನೆಟ್ಟನ್ನು ಹೊತ್ತು ನಿಲ್ಲಿಸುವುದು ಕಣ್ಣಿಗೆ ಬೀಳದ ಮೂರು ವಸ್ತುಗಳು: ಸೊಂಟದಿಂದ ಪೃಷ್ಠದವರೆಗಿನ ಬಿಗಿ ಪಟ್ಟಿ, ಅದರ ಕೆಳಗಿನ ಚಡ್ಡಿ, ಪದರಗಳ ನಡುವೆ ಅಡಗಿರುವ ಒಂದು ಕಂಬಿ. ಈ ಮೂರು ಗಟ್ಟಿಯಾಗಿದ್ದರೆ ಹಳೆ ನೆಟ್ ಕೂಡ ನೆಲಕ್ಕೆ ಸಮನಾಗಿ ಚಾಚಿ ನಿಲ್ಲುತ್ತದೆ. ಇವು ಕೆಟ್ಟಿದ್ದರೆ ಎಷ್ಟು ಗಜ ಹೊಸ ನೆಟ್ ಹಾಕಿದರೂ ಜೋತು ಬೀಳುತ್ತದೆ.

ನಾನು ಲಂಡನ್ ಹತ್ತಿರದ ಊರೊಂದರಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಹೆಚ್ಚಾಗಿ ಬ್ಲೌಸು, ಲೆಹೆಂಗಾ ಆಲ್ಟರೇಷನ್, ಸೀರೆಗೆ ಫಾಲ್. ಮಗಳು ಕಲಿಯುವ ಬ್ಯಾಲೆ ಕ್ಲಾಸಿನ ಟೀಚರ್ ಒಂದು ದಿನ ದೊಡ್ಡ ರಟ್ಟಿನ ಪೆಟ್ಟಿಗೆ ತಂದುಕೊಟ್ಟರು. ಅವರ ಗುರುಗಳು ಹರೆಯದಲ್ಲಿ ಕುಣಿಯುವಾಗ ಹಾಕಿಕೊಳ್ಳುತ್ತಿದ್ದ ಬಟ್ಟೆಗಳಂತೆ. ಇದನ್ನು ಸರಿ ಮಾಡಿ ಶಾಲೆಯ ಹಜಾರದಲ್ಲಿ ಗಾಜಿನ ಬೀರುವಿನೊಳಗೆ ಇಡಬೇಕು ಅನ್ನುವುದು ಅವರ ಆಸೆ. ಒಳಗೆ ಒಂದು ಬಿಳಿ ಟುಟು, ಕಾಲ್ಬೆರಳ ತುದಿಯಲ್ಲಿ ನಿಂತು ಕುಣಿಯಲು ಹಾಕುವ ಒಂದು ಜೊತೆ ಪಾಯಿಂಟ್ ಶೂ, ಸೊಂಟದಿಂದ ಪಾದದವರೆಗೆ ಬರುವ ಒಂದು ಟೈಟ್ಸ್.

ಮೊದಲು ರಿಪೇರಿ ಬೇಡದವು

ಟೈಟ್ಸ್‌ನಲ್ಲಿ ಮಾಡಲು ಕೆಲಸವೇನೂ ಇರಲಿಲ್ಲ. ಆದರೆ ನೋಡಲು ತುಂಬಾ ಇತ್ತು. ದಪ್ಪ ಹತ್ತಿಯ ಹೆಣಿಗೆ, ಮಂಡಿಯ ಹತ್ತಿರ ಹಿಗ್ಗಿ ಜೋಲುಬಿದ್ದಿದೆ. ಈಗಿನ ಟೈಟ್ಸ್ ಕಾಲಿಗೆ ಅಂಟಿಕೊಂಡಂತೆ ಕೂರುವುದು ಲೈಕ್ರಾ ಅನ್ನುವ ಹಿಗ್ಗುವ ನೂಲಿನಿಂದ. ಡುಪಾಂಟ್ ಕಂಪನಿಯ ಜೋಸೆಫ್ ಶೈವರ್ಸ್ ಆ ನೂಲನ್ನು ಹದಕ್ಕೆ ತಂದದ್ದು 1958ರಲ್ಲಿ. ಅದಕ್ಕೂ ಮೊದಲು ಕಾಲು ಸುಕ್ಕಿಲ್ಲದೆ ಕಾಣಬೇಕೆಂದರೆ ಟೈಟ್ಸನ್ನು ಮೇಲಕ್ಕೆ ಎಳೆದು ಬಿಗಿದು ಕಟ್ಟಲೇಬೇಕಿತ್ತು. ಹೇಗೆ ಕಟ್ಟುತ್ತಿದ್ದರು ಅನ್ನುವುದು ಇದರಲ್ಲೇ ಉಳಿದಿದೆ. ಸೊಂಟದ ಅಂಚಿನ ಎರಡೂ ಬದಿಗೆ ಒಳಗಿನಿಂದ ಒಂದೊಂದು ಪೆನ್ನಿ ನಾಣ್ಯ ಒತ್ತಿ, ಬಟ್ಟೆಯನ್ನು ಅದರ ಸುತ್ತ ತಿರುಚಿ, ಆ ಉಬ್ಬಿನ ಬುಡಕ್ಕೆ ಟೇಪು ಸುತ್ತಿದ್ದಾರೆ. ಟೇಪನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡರೆ ನಾಣ್ಯ ಅದರಿಂದ ಜಾರಿ ಬರುವುದಿಲ್ಲ, ಟೈಟ್ಸೂ ಇಳಿಯುವುದಿಲ್ಲ. ಆಗಿನ ಪೆನ್ನಿ 3 ಸೆಂಟಿಮೀಟರ್‌ಗಿಂತ ಚೂರು ಜಾಸ್ತಿಯೇ ಅಗಲ. ಒಳ್ಳೆ ಹಿಡಿತ.

ಒಂದು ಬದಿಯ ಗಂಟು ತಾನಾಗೇ ಸಡಿಲವಾಗಿ ನಾಣ್ಯ ಕೈಗೆ ಬಂತು. 1948ನೇ ಇಸವಿಯದು. ಆರನೇ ಜಾರ್ಜ್ ದೊರೆಯ ತಲೆ, ಸುತ್ತ ಲ್ಯಾಟಿನ್ ಅಕ್ಷರ. ಅದರ ಕೊನೆಯಲ್ಲಿ 'ಇಂಡ್ ಇಂಪ್' ಅಂತಿದೆ, ಅಂದರೆ ಭಾರತದ ಚಕ್ರವರ್ತಿ. ನಮಗೆ ಸ್ವಾತಂತ್ರ್ಯ ಬಂದ ಮೇಲೂ ಅಚ್ಚು ಹಾಗೇ ಇತ್ತು, 1949ರ ಪೆನ್ನಿಯಲ್ಲಷ್ಟೇ ಆ ಬಿರುದು ಹೋಯಿತು. ಬಿರುದು ಕಳೆದುಕೊಳ್ಳುವ ಹೊತ್ತಿಗೆ ಚಕ್ರವರ್ತಿಗಳಿಗೆ ಸಿಕ್ಕ ಕೆಲಸ ಒಬ್ಬ ಹುಡುಗಿಯ ಟೈಟ್ಸ್ ಹಿಡಿದುಕೊಳ್ಳುವುದು! ಇನ್ನೊಂದು ಬದಿಯ ಗಂಟನ್ನು ನಾನು ಬಿಚ್ಚಲಿಲ್ಲ. ಆ ಗಂಟು ಹಾಕಿದ ಕೈಯ ಕೆಲಸ ಹಾಗೇ ಇರಲಿ ಅನ್ನಿಸಿತು.

ಶೂಗಳಿಗೂ ಕೈ ಹಚ್ಚಲಿಲ್ಲ. ಪಾಯಿಂಟ್ ಶೂವಿನ ಮೂತಿಯೊಳಗೆ ಮರದ ತುಂಡು ಇರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇರುವುದು ಗೋಣಿಬಟ್ಟೆ, ಕಾಗದ ಮತ್ತು ಹಿಟ್ಟಿನ ಅಂಟು. ಶೂವನ್ನು ಒಳಮೈ ಹೊರಗೆ ಮಾಡಿ ಹೊಲಿದು, ಆಮೇಲೆ ಮಗುಚಿ, ಆಕಾರ ತಿದ್ದಿ, ಬಿಸಿಯಲ್ಲಿ ಒಣಗಿಸುತ್ತಾರೆ. ತೇವ ತಾಗಿದರೆ ಆ ಅಂಟು ಮೆತ್ತಗಾಗಿ ಆಕಾರವೇ ಹೋಗುತ್ತದೆ. ಹಾಗಾಗಿ ಒಳಗೆ ಆಮ್ಲವಿಲ್ಲದ ಟಿಶ್ಯೂ ಕಾಗದ ತುಂಬಿ ಪಕ್ಕಕ್ಕಿಟ್ಟೆ. ಅಟ್ಟೆಯ ಮೇಲೆ ಶೂ ಮಾಡಿದವರ ಪುಟ್ಟ ಗುರುತು ಒತ್ತಿದೆ. ಲಂಡನ್ನಿನ ಫ್ರೀಡ್ ಕಂಪನಿ ಶುರುವಾದದ್ದು 1929ರಲ್ಲಿ. ಅಲ್ಲಿ ಇವತ್ತಿಗೂ ಒಬ್ಬೊಬ್ಬ ಕೆಲಸಗಾರರಿಗೆ ಒಂದೊಂದು ಗುರುತು, ಕುಣಿಯುವವರು ತಮ್ಮ ಕಾಲಿಗೆ ಒಗ್ಗಿದ ಕೈಯ ಶೂವನ್ನೇ ಕೇಳಿ ತರಿಸಿಕೊಳ್ಳುತ್ತಾರೆ. ಬ್ಲೌಸಿಗೆ ಟೈಲರ್ ಬದಲಾಯಿಸಲು ಒಪ್ಪದ ನಮ್ಮ ಹೆಂಗಸರ ಥರಾನೇ.

ಯಾವ ಬಟ್ಟೆ, ಯಾವ ಎಳೆ

ಹಳೆ ಬಟ್ಟೆ ಕೈಗೆ ಬಂದಾಗ ಒಗೆಯುವ ಯೋಚನೆ ಆಮೇಲೆ. ಮೊದಲು ಅದು ಏನು ಅಂತ ಗೊತ್ತಾಗಬೇಕು. ಒಳಹೊಲಿಗೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿಗೆ ಹಿಡಿದೆ. ನೆಟ್ಟಿನ ಎಳೆ ಉರಿಯುವ ಮೊದಲೇ ಮುದುಡಿ ಕರಗಿತು, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ. ಅಂದರೆ ನೈಲಾನ್. ಚಡ್ಡಿ ಮತ್ತು ಸೊಂಟದ ಪಟ್ಟಿಯ ಎಳೆ ಕಾಗದದ ವಾಸನೆ ಬಿಟ್ಟು ಬೂದಿಯಾಯಿತು, ಅಪ್ಪಟ ಹತ್ತಿ. ಬಾಡಿಸ್, ಅಂದರೆ ಎದೆ ಬೆನ್ನಿಗೆ ಬಿಗಿಯಾಗಿ ಕೂರುವ ಮೇಲ್ಭಾಗ, ಅದರ ಸ್ಯಾಟಿನ್ ಬಗ್ಗೆ ಅನುಮಾನವಿತ್ತು. ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಅದರ ಎಳೆ ಹಾಕಿದರೆ ಲೋಳೆಯಾಗಿ ಕರಗಿಹೋಯಿತು. ಅಲ್ಲಿಗೆ ಅದು ಅಸಿಟೇಟ್ ಅನ್ನುವ ಕೃತಕ ನೂಲು. ಡರ್ಬಿ ಹತ್ತಿರದ ಸ್ಪಾಂಡನ್‌ನಲ್ಲಿ ಬ್ರಿಟಿಷ್ ಸೆಲನೀಸ್ ಕಂಪನಿ ಈ ನೂಲನ್ನು ರಾಶಿ ರಾಶಿ ತಯಾರಿಸುತ್ತಿತ್ತು. ರೇಷ್ಮೆಯ ಹೊಳಪು, ರೇಷ್ಮೆಯ ಬೆಲೆ ಇಲ್ಲ.

ಈ ಪರೀಕ್ಷೆ ಸುಮ್ನೆ ಕುತೂಹಲಕ್ಕಲ್ಲ. ಅಸಿಟೇಟ್ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಬಿಸಿ ಇಸ್ತ್ರಿ ತಾಗಿದರೆ ಮಿರುಗಿ ಅಂಟುತ್ತದೆ. ಹಾಗಾಗಿ ನೆನೆಸುವ ಮಾತೇ ಇಲ್ಲ. ನೈಲಾನಿಗೂ ಇಸ್ತ್ರಿ ಅಪಾಯ. ಇಡೀ ಕೆಲಸದಲ್ಲಿ ಇಸ್ತ್ರಿ ಪೆಟ್ಟಿಗೆ ಹೊರಗೆ ಬರಲೇ ಇಲ್ಲ.

ನೆಟ್ ನೈಲಾನ್ ಅಂತ ತಿಳಿದಾಗ ಕಾಲವೂ ಅಂದಾಜಾಯಿತು. ಎರಡನೇ ಮಹಾಯುದ್ಧಕ್ಕೆ ಮುಂಚೆ ಟುಟು ಮಾಡುತ್ತಿದ್ದದ್ದು ಟಾರ್ಲಟನ್‌ನಿಂದ. ಗಂಜಿ ಹಾಕಿ ಗಟ್ಟಿ ಮಾಡಿದ ತೆಳು ಹತ್ತಿ ಬಟ್ಟೆ ಅದು. ಬೆವರು, ತೇವ ಹೀರಿದರೆ ಬಾಡಿ ಜೋಲುತ್ತಿತ್ತು, ಒಗೆದರೆ ಗಂಜಿಯೇ ಹೋಗುತ್ತಿತ್ತು. ನೈಲಾನ್ ಕಾಲುಚೀಲ ಅಮೆರಿಕದ ಅಂಗಡಿಗಳಿಗೆ ಬಂದದ್ದು 1940ರಲ್ಲಿ. ಅಷ್ಟರಲ್ಲಿ ಯುದ್ಧ, ನೂಲೆಲ್ಲ ಪ್ಯಾರಾಶೂಟಿಗೆ ಹೋಯಿತು. ಬ್ರಿಟನ್ನಿನಲ್ಲಿ ಪಾಂಟಿಪೂಲ್‌ನ ದೊಡ್ಡ ನೈಲಾನ್ ಕಾರ್ಖಾನೆ ತೆರೆದದ್ದು 1948ರಲ್ಲಿ. ಅಲ್ಲಿಂದ ಮುಂದೆ ಟುಟುವಿಗೆ ತೇವಕ್ಕೆ ಹೆದರದ, ಹಗುರವಾದ, ತಾನಾಗೇ ಗಟ್ಟಿಯಾದ ನೆಟ್ ಸಿಕ್ಕಿತು. ಇದು ಐವತ್ತರ ದಶಕದ್ದು ಅಂತ ನನ್ನ ಲೆಕ್ಕ.

ನೆಟ್ ಕೀಳಬೇಕಾ?

ಟೀಚರ್‌ಗೆ ಬೆಳ್ಳಗಿನ ಟುಟು ಬೇಕಿತ್ತು. "ಎಲ್ಲ ನೆಟ್ ತೆಗೆದು ಹೊಸದು ಹಾಕಿಬಿಡಿ, ದುಡ್ಡು ಎಷ್ಟಾದರೂ ಪರವಾಗಿಲ್ಲ" ಅಂದರು. ದುಡ್ಡು ಬರುವ ಕೆಲಸ, ಬೇಡ ಅನ್ನಲು ಮನಸ್ಸಾಗಲಿಲ್ಲ ನಿಜ. ಆದರೂ ಒಪ್ಪಲಿಲ್ಲ. ಟುಟುವನ್ನು ತಲೆಕೆಳಗು ಮಾಡಿ ಮೇಜಿನ ಮೇಲಿಟ್ಟು ತೋರಿಸಿದೆ. ಒಟ್ಟು 11 ಪದರ. ತೊಡೆಯ ಹತ್ತಿರದ್ದು ಒಂದೂವರೆ ಇಂಚು, ಅಲ್ಲಿಂದ ಮೇಲೆ ಹೋಗುತ್ತಾ ಉದ್ದವಾಗಿ ಎಲ್ಲಕ್ಕಿಂತ ಮೇಲಿನದು 15 ಇಂಚು. ಪ್ರತಿ ಪದರದ ಅಂಚನ್ನೂ ಕತ್ತರಿಯಲ್ಲಿ ಕೈಯಿಂದಲೇ ಹಲ್ಲುಹಲ್ಲಾಗಿ ಕತ್ತರಿಸಿದ್ದಾರೆ. ಒಂದು ಹಲ್ಲು ಅಗಲ, ಪಕ್ಕದ್ದು ಕಿರಿದು. ಹರಿದದ್ದು ಕೆಳಗಿನ ಮೂರು ಮಾತ್ರ. ಮೇಲಿನ ಎಂಟು ಹಳದಿಯಾಗಿವೆ ಅಷ್ಟೇ, ಬಲವಾಗಿವೆ. ನೈಲಾನ್ ಬೆಳಕಿಗೆ ಹಳದಿಯಾಗುವುದು ಸಹಜ. ಅದನ್ನೆಲ್ಲ ಕಿತ್ತರೆ ಬೀರುವಿನಲ್ಲಿ ನಿಲ್ಲುವುದು ಗುರುಗಳ ಬಾಡಿಸ್ ತೊಟ್ಟ ನನ್ನ ಟುಟು. ಟೀಚರ್ ಸ್ವಲ್ಪ ಹೊತ್ತು ನೋಡಿ, "ಸರಿ, ಮೂರೇ ಹಾಕಿ" ಅಂದರು.

ಧೂಳು ತೆಗೆಯಲು ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ನೆಟ್ ಕಟ್ಟಿ, ಎಳೆತ ತೀರಾ ಕಡಿಮೆ ಮಾಡಿ, ಪದರ ಪದರ ಬಿಡಿಸುತ್ತಾ ಮೆತ್ತನೆ ಬ್ರಷ್‌ನಿಂದ ಗುಡಿಸಿದೆ. ಹತ್ತಿ ಅಸ್ತರಿನ ಬೆವರು ವಾಸನೆಗೆ ನಾಟಕದ ಉಡುಪು ಕೋಣೆಗಳಲ್ಲಿ ಬಳಸುವ ಹಳೇ ಮದ್ದು: ನೀರು ಬೆರೆಸಿದ ವೋಡ್ಕಾ. ಸ್ಯಾಟಿನ್‌ಗೆ ತಾಗದಂತೆ ಒಳಗಡೆ ಮಾತ್ರ ಸಿಂಪಡಿಸಿ ಗಾಳಿಗೆ ಬಿಟ್ಟೆ. ವಿಡಿಯೋ ಕಾಲ್‌ನಲ್ಲಿ ಅಮ್ಮನ ಕಣ್ಣಿಗೆ ಬಿದ್ದದ್ದು ಬಾಟಲಿ. ಅದರ ವಿವರಣೆ ಮುಗಿದ ಮೇಲೆ ಟುಟು ನೋಡಿ, "ಅಲ್ಲ ಕಣೇ, ಇಷ್ಟು ಪುಟ್ಟ ಚಡ್ಡಿಗೆ ಇಷ್ಟೊಂದು ಬಟ್ಟೆನಾ?" ಅಂದರು. ಸರಿಯಾದ ಪ್ರಶ್ನೆ. ಮೇಲಿನ ಒಂದೊಂದು ಪದರಕ್ಕೆ 5 ಗಜಕ್ಕಿಂತ ಜಾಸ್ತಿ ನೆಟ್ ಹೋಗಿದೆ.

ಸೊಂಟದ ಪಟ್ಟಿ

ಇಲ್ಲಿಂದ ನಿಜವಾದ ಕೆಲಸ. ಹಿಂಭಾಗದಲ್ಲಿ ಜಿಪ್ ಇಲ್ಲ, ಹುಕ್ಕುಗಳ ಸಾಲು. ಕುಣಿಯುವಾಗ ಜಿಪ್ ಕಿತ್ತುಕೊಂಡರೆ ವೇದಿಕೆಯ ಮೇಲೆ ಮಾಡುವುದೇನು? ಒಂದು ಹುಕ್ಕು ಹೋದರೆ ಉಳಿದವು ಹಿಡಿದಿರುತ್ತವೆ. ಹುಕ್ಕಿಗೆ ಸಿಕ್ಕಿಸುವ ಕೊಂಡಿಗಳು ಎರಡು ಸಾಲು ಇವೆ, ದಪ್ಪ ಸಣ್ಣ ಇಬ್ಬರಿಗೂ ಆಗುವಂತೆ. ಒಳಗಿನ ಟೇಪಿನ ಮೇಲೆ ಶಾಯಿಯಲ್ಲಿ ಬರೆದ ಹೆಸರುಗಳೂ ಅದನ್ನೇ ಹೇಳುತ್ತವೆ: ಮೂರು ಹೆಸರು, ಎರಡಕ್ಕೆ ಅಡ್ಡಗೆರೆ. ಗುರುಗಳದು ಕೊನೆಯದು.

ಹುಕ್ಕುಗಳು ತುಕ್ಕು ಹಿಡಿದು ಸುತ್ತಲಿನ ಹತ್ತಿಯನ್ನು ಕಂದು ಮಾಡಿದ್ದವು. ತುಕ್ಕು ಬರೀ ಕಲೆಯಲ್ಲ, ಹತ್ತಿಯ ಎಳೆಯನ್ನೇ ತಿನ್ನುತ್ತದೆ. ತುಕ್ಕು ಹಿಡಿದವನ್ನೆಲ್ಲ ತೆಗೆದೆ. ಬಲ ಕಳೆದುಕೊಂಡ ಜಾಗಕ್ಕೆ ಹಿಂದಿನಿಂದ ಡ್ರಿಲ್ ಅನ್ನುವ ಗಟ್ಟಿ ಹತ್ತಿ ಬಟ್ಟೆಯ ಪಟ್ಟಿ ಕೊಟ್ಟು, ಹೊಸ ಹುಕ್ಕನ್ನು ಹಳೆಯದರ ತೂತುಗಳ ಮೇಲೆ ಕೂರಿಸದೆ ಕೂದಲೆಳೆ ಪಕ್ಕಕ್ಕೆ ಸರಿಸಿ ಹೊಲಿದೆ. ಮೂಲದಲ್ಲಿ ಇದ್ದ ಹಾಗೆ ಒಂದು ಹುಕ್ಕು ಎಡಕ್ಕೆ ಮುಖ, ಮುಂದಿನದು ಬಲಕ್ಕೆ. ಉಸಿರೆಳೆದಾಗ, ಬಾಗಿದಾಗ ಎಲ್ಲ ಒಟ್ಟಿಗೆ ಕಳಚದಿರಲು ಈ ಉಪಾಯ. ಟೈಟ್ ಬ್ಲೌಸಿಗೂ ಇದನ್ನು ಮಾಡಬಹುದು, ನಾನು ಶುರು ಮಾಡಿದ್ದೇನೆ.

ಹರಿದ ಆ ಕೆಳಗಿನ ಮೂರು ಪದರ, ಅಂದರೆ ಚಡ್ಡಿಯ ಫ್ರಿಲ್ಲುಗಳಿಗೆ ಮೊದಲು ಮನೆಯಲ್ಲಿದ್ದ ಲೆಹೆಂಗಾದ ಕ್ಯಾನ್‌ಕ್ಯಾನ್ ನೆಟ್ ಹಿಡಿದು ನೋಡಿದೆ. ಅದು ತೀರಾ ಬಿರುಸು, ತೊಡೆಗೆ ತರಚುತ್ತದೆ, ಪಾಲಿಯೆಸ್ಟರಿನ ಹೊಳಪು ಬೇರೆ. ದಂತದ ಬಣ್ಣದ ಮೆತ್ತನೆ ನೈಲಾನ್ ನೆಟ್ ತರಿಸಿದೆ. ಕೆಳಗಿನ ಪದರ ಹೊರಗೆ ಕಾಣುವುದಿಲ್ಲ, ಹಾಗಾಗಿ ಬಣ್ಣ ಕಟ್ಟುವ ಗೋಜಿಗೆ ಹೋಗಲಿಲ್ಲ. ಹಳೆ ಫ್ರಿಲ್ಲನ್ನು ಬಿಚ್ಚಿ ನೆರಿಗೆಯ ಅಳತೆ ತೆಗೆದುಕೊಂಡು, ಅದೇ ಹೊಲಿಗೆ ಗೆರೆಯ ಮೇಲೆ ಕಾಲಿನ ಸುತ್ತು ಕೈಯಲ್ಲೇ ಹೊಲಿದೆ. ಮೇಲಿನ ಪದರಗಳು ಇರುವಾಗ ಮೆಷಿನ್ ಪಾದ ಅಲ್ಲಿಗೆ ಹೋಗುವುದೇ ಇಲ್ಲ.

ಕಂಬಿ

ಮೇಲಿನಿಂದ ನಾಲ್ಕನೇ ಪದರದ ಮೇಲೆ ಹತ್ತಿ ಟೇಪಿನ ಕೊಳವೆ ಹೊಲಿದು, ಅದರೊಳಗೆ ಉಕ್ಕಿನ ಕಂಬಿ ಉಂಗುರದ ಹಾಗೆ ಸುತ್ತಿದ್ದಾರೆ. ಅದು ಎರಡು ಕಡೆ ಮುರಿದಿತ್ತು. ಎಡಭಾಗ ಜೋತುಬೀಳಲು ಕಾರಣ ಅದೇ, ನೆಟ್ ಅಲ್ಲ.

ಟೀಚರ್ ಇಲ್ಲಿ ಇನ್ನೊಂದು ಸಲಹೆ ಕೊಟ್ಟರು: ಕಂಬಿ ತೆಗೆದೇಬಿಡಿ, ಈಗ ಬಹಳ ಕಡೆ ಕಂಬಿ ಇಲ್ಲದ ಟುಟು ಹಾಕುತ್ತಾರೆ. ಅದು ಬೇರೆ ದಾರಿ, ಬೇರೆ ಊರಿನದು. ನ್ಯೂಯಾರ್ಕಿನಲ್ಲಿ ಉಡುಪು ತಯಾರಿಸುತ್ತಿದ್ದ ಬಾರ್ಬರಾ ಕರಿನ್ಸ್ಕಾ 1950ರಲ್ಲಿ ನೃತ್ಯ ಸಂಯೋಜಕ ಬ್ಯಾಲಂಚೀನ್ ಅವರ 'ಸಿಂಫನಿ ಇನ್ ಸಿ' ಬ್ಯಾಲೆಗೆ ಅಂಥ ಟುಟು ಮಾಡಿದರು. ಒಂದೇ ವೇದಿಕೆಯಲ್ಲಿ ಹತ್ತಾರು ಹುಡುಗಿಯರು ಒತ್ತೊತ್ತಾಗಿ ಕುಣಿಯುವಾಗ ಒಬ್ಬಳ ಕಂಬಿ ಇನ್ನೊಬ್ಬಳದಕ್ಕೆ ತಾಗಿದರೆ ಇಡೀ ಟುಟು ಓರೆಯಾಗಿ ಏಳುತ್ತದೆ. ಕರಿನ್ಸ್ಕಾ ಕಂಬಿ ಕೈಬಿಟ್ಟು, ಪದರಗಳನ್ನು ಚಿಕ್ಕದು ಮಾಡಿ, ಸಡಿಲವಾಗಿ ಸೇರಿಸಿದರು. ಅದು ಮೆತ್ತಗೆ ಇಳಿಬೀಳುತ್ತದೆ, ಅದರ ಚೆಂದವೇ ಹಾಗೆ. ಅದೇ ನಗರದಲ್ಲಿ ಬ್ಯಾಲಂಚೀನ್ 1951ರಲ್ಲಿ ಕೆಲವು ಬ್ಯಾಲೆಗಳ ಉಡುಪನ್ನೆಲ್ಲ ತೆಗೆದುಹಾಕಿ ಬರೀ ಅಭ್ಯಾಸದ ಬಟ್ಟೆಯಲ್ಲೇ ವೇದಿಕೆಗೆ ಹತ್ತಿಸಿದರು. ಆದರೆ ನಮ್ಮ ಈ ಟುಟುವಿನ ಉದ್ದ ಪದರಗಳನ್ನು ಕತ್ತರಿಸಿದ್ದೇ ಕಂಬಿಯನ್ನು ನಂಬಿ. ಕಂಬಿ ಕಿತ್ತರೆ 15 ಇಂಚಿನ ನೆಟ್ ಮಂಡಿಯ ಕಡೆಗೆ ಬಾಗಿಬಿಡುತ್ತದೆ.

ಅಳತೆ ಹೀಗೆ ತೆಗೆದೆ. ಸೊಂಟದ ಪಟ್ಟಿಯ ಕೆಳ ಅಂಚಿನ ಸುತ್ತಳತೆ 33 ಇಂಚು. ಅದನ್ನು 6.28ರಿಂದ, ಅಂದರೆ ಎರಡು ಪೈನಿಂದ, ಭಾಗಿಸಿದರೆ ನಡುವಿನಿಂದ ಅಂಚಿಗೆ ಸುಮಾರು 5.25 ಇಂಚು. ಅಂಚಿನಿಂದ ಕೊಳವೆಗೆ 8.5 ಇಂಚು. ಎರಡೂ ಸೇರಿ 13.75. ಅದನ್ನು ಮತ್ತೆ 6.28ರಿಂದ ಗುಣಿಸಿದರೆ 86 ಇಂಚು ಚಿಲ್ಲರೆ. ಮುರಿದ ತುಂಡುಗಳನ್ನು ಜೋಡಿಸಿ ಅಳೆದಾಗ ಸಿಕ್ಕಿದ್ದು 85. ಆ ಒಂದು ಇಂಚಿನ ವ್ಯತ್ಯಾಸ ಇರಲೇಬೇಕು, ಯಾಕಂದರೆ ನೆಟ್ ಪೂರ್ತಿ ಅಡ್ಡಕ್ಕೆ ನಿಲ್ಲುವುದಿಲ್ಲ, ತುಸು ಇಳಿಜಾರಾಗಿರುತ್ತದೆ. ಕಂಬಿ ಉದ್ದವಾದರೆ ಅಂಚು ಅಲೆಅಲೆಯಾಗುತ್ತದೆ, ಚಿಕ್ಕದಾದರೆ ಇಡೀ ಟುಟು ಕೆಳಗೆ ಮುದುಡುತ್ತದೆ. ಹಳೆಯ 85ನ್ನೇ ಹಿಡಿದೆ.

ಹೊಸದು ಪ್ಲಾಸ್ಟಿಕ್ ಹೊದಿಕೆ ಇರುವ ಚಪ್ಪಟೆ ಉಕ್ಕಿನ ಪಟ್ಟಿ. ತುದಿಗಳಿಗೆ ಟೊಪ್ಪಿ ಹಾಕಿ, 2 ಇಂಚು ಒಂದರ ಮೇಲೊಂದು ಕೂರಿಸಿ, ಹತ್ತಿ ಟೇಪಿನಿಂದ ಸುತ್ತಿ ಹೊಲಿದೆ. ಸೇರುವ ಜಾಗ ಹಿಂಭಾಗದ ನಡುವಿಗೆ ಬರಬೇಕು. ಪಕ್ಕಕ್ಕೆ ಬಂದರೆ ಆ ಕಡೆ ಭಾರವಾಗಿ ವಾಲುತ್ತದೆ.

ದಾರ ಕಟ್ಟುವುದು

ಪದರಗಳನ್ನು ಒಂದಕ್ಕೊಂದು ದಾರದಲ್ಲಿ ಹಿಡಿಯದಿದ್ದರೆ ಅವು ದಿಕ್ಕಿಗೊಂದರಂತೆ ಹರಡಿಕೊಳ್ಳುತ್ತವೆ. ಟುಟು ತಲೆಕೆಳಗಾಗಿಯೇ ಇರಲಿ. ಜೋಡಿ ದಾರ ಪೋಣಿಸಿ, ಒಂದು ಪದರದಿಂದ ಸಣ್ಣ ಟಾಕಾ, ಮುಂದಿನ ಪದರಕ್ಕೆ ಹೋಗುವ ಮೊದಲು ಅರ್ಧ ಇಂಚು ಸಡಿಲ ಬಿಟ್ಟು ಮತ್ತೊಂದು ಟಾಕಾ, ಅಲ್ಲಿ ಗಂಟು. ಸೂಜಿ ನೆಟ್ಟಿನ ಕಣ್ಣಿನ ಮೂಲಕ ಹೋದರೆ ಸಾಲದು, ಎಳೆಗಳು ಸೇರುವ ಮೂಲೆಯನ್ನು ಸುತ್ತಿ ಬರಬೇಕು. ಇಲ್ಲದಿದ್ದರೆ ಎಳೆತಕ್ಕೆ ಕಣ್ಣು ಹರಿಯುತ್ತದೆ. ಬಿಗಿಯಾದರೆ ಮೇಲಿನ ಪದರದಲ್ಲಿ ಗುಳಿ ಕಾಣುತ್ತದೆ. ಗುಳಿ ಬಿದ್ದಿದೆಯಾ ಅಂತ ಮೇಲಿನಿಂದ ನೋಡಲು ಗಳಿಗೆಗೊಮ್ಮೆ ಟುಟು ಎತ್ತಿ ತಿರುಗಿಸಬೇಕು, ಭುಜ ಬಿದ್ದುಹೋಗುತ್ತದೆ. ಹಳೆ ದಾರ ಎಲ್ಲಿ ಉಳಿದಿತ್ತೋ ಅಲ್ಲಿ ಮುಟ್ಟಲಿಲ್ಲ, ಅದನ್ನೇ ನೋಡಿ ಉಳಿದ ಕಡೆ ಕಟ್ಟಿದೆ.

ಬಾಡಿಸ್

ಸ್ಯಾಟಿನ್ ಕಂಕುಳ ಕೆಳಗೆ ಸೀಳಿತ್ತು. ಬೆವರು ತಿಂದ ಬಟ್ಟೆ, ಅಂಚುಗಳನ್ನು ಎಳೆದು ಹೊಲಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಸೀಳಿನ ಮೂಲಕ ಅದೇ ಬಣ್ಣದ ತೆಳು ಹತ್ತಿ ತುಂಡೊಂದನ್ನು ಒಳಗೆ ತೂರಿಸಿ, ಅಂಚುಗಳನ್ನು ಅದರ ಮೇಲೆ ಮಲಗಿಸಿ, ಒಂಟಿ ಎಳೆ ರೇಷ್ಮೆಯಲ್ಲಿ ಅಡ್ಡಡ್ಡ ಹಿಡಿದೆ. ಸ್ಯಾಟಿನ್‌ಗೆ ಎಳೆತವೇ ಬೀಳಬಾರದು, ಭಾರವೆಲ್ಲ ಹತ್ತಿ ತುಂಡಿನ ಮೇಲೆ. ಹತ್ತಿರದಿಂದ ನೋಡಿದರೆ ರಿಪೇರಿ ಕಾಣುತ್ತದೆ. ಕಾಣಲಿ.

ಪಕ್ಕದ ತುಂಡುಗಳನ್ನು ಕ್ರಾಸ್ ಮೇಲೆ, ಅಂದರೆ ನೇಯ್ಗೆಯ ಎಳೆಗೆ ಓರೆಯಾಗಿ ಕತ್ತರಿಸಿದ್ದಾರೆ, ಪಕ್ಕೆಲುಬು ಹಿಗ್ಗಿದಾಗ ಬಟ್ಟೆಯೂ ಹಿಗ್ಗಲಿ ಅಂತ. ಲೈಕ್ರಾ ಇಲ್ಲದ ಕಾಲದಲ್ಲಿ ಉಸಿರಾಡಲು ಜಾಗ ಸಿಗುತ್ತಿದ್ದದ್ದು ಈ ಕತ್ತರಿ ಕೆಲಸದಿಂದ. ಅಸ್ತರು ನೋಡಿದರೆ ಮೂರು ಥರದ ಹತ್ತಿ: ಮುಂದೆ ಡ್ರಿಲ್, ಬೆನ್ನಿಗೆ ತೆಳು ಪಟ್ಟೆ ಬಟ್ಟೆ, ಕಂಕುಳಿಗೆ ದಿಂಬಿನ ಗವಸಿನಂಥದ್ದು. ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಕೂಪನ್ ಬಂದದ್ದು 1941ರ ಜೂನ್ 1ರಂದು, ಮೊದಲ ವರ್ಷಕ್ಕೆ ತಲೆಗೆ 66. ಕೂಪನ್ ಹೋದದ್ದು ಯುದ್ಧ ಮುಗಿದ ಎಷ್ಟೋ ಕಾಲಕ್ಕೆ, 1949ರ ಮಾರ್ಚ್‌ನಲ್ಲಿ. ಯುದ್ಧದಲ್ಲಿ ಡ್ಯಾನ್ಸ್ ಹಾಲ್ ಆಗಿದ್ದ ಲಂಡನ್ನಿನ ಕೋವೆಂಟ್ ಗಾರ್ಡನ್ನಿನ ರಂಗಮಂದಿರ 1946ರ ಫೆಬ್ರವರಿ 20ರಂದು ಮತ್ತೆ ತೆರೆದಾಗ, ಮಾರ್ಗೋ ಫಾಂಟೇನ್ ಕುಣಿದ 'ಸ್ಲೀಪಿಂಗ್ ಬ್ಯೂಟಿ'ಯ ಅರಮನೆ ವೈಭವವನ್ನೆಲ್ಲ ವಿನ್ಯಾಸಕ ಆಲಿವರ್ ಮೆಸೆಲ್ ಆ ಬರದಲ್ಲೇ ಹೊಂದಿಸಬೇಕಾಯಿತು. ಒಂದು ವರ್ಷ ಕಳೆದು ಪ್ಯಾರಿಸ್ಸಿನಲ್ಲಿ ಫ್ಯಾಷನ್ ವಿನ್ಯಾಸಕ ಡಿಯೋರ್ ಸಣ್ಣ ಸೊಂಟ, ಗಜಗಟ್ಟಲೆ ಬಟ್ಟೆಯ ಲಂಗ ತಂದಾಗ ಇಲ್ಲಿನವರು ಇನ್ನೂ ಕೂಪನ್ ಎಣಿಸುತ್ತಿದ್ದರು. ಕೂಪನ್ ಹೋದರೂ ಅದು ಕಲಿಸಿದ ಕೈ ಬೇಗ ಬದಲಾಗುವುದಿಲ್ಲ, ಅಲ್ವಾ? ಈ ಅಸ್ತರು ಹೊಲಿದವರು ಯಾವ ಚೂರನ್ನೂ ಬಿಸಾಡಿಲ್ಲ. ಅದನ್ನು ಬದಲಾಯಿಸುವ ಪ್ರಶ್ನೆಯೇ ಬರಲಿಲ್ಲ. ಮೇಲಂಚಿನಿಂದ ಹೊರಗೆ ಇಣುಕುತ್ತಿದ್ದ, ಬಾಡಿಸ್ ನೆಟ್ಟಗೆ ನಿಲ್ಲಲು ಹಾಕಿದ ಎರಡು ಉಕ್ಕಿನ ಕಡ್ಡಿಗಳ ತುದಿಗೆ ಟೇಪು ಸುತ್ತಿ ಒಳಗೆ ತಳ್ಳಿ ಮುಚ್ಚಿದೆ.

ಈಗ

ಟುಟು ಬೀರುವಿನಲ್ಲಿ ಬೊಂಬೆಯ ಮೇಲಿದೆ. ಭುಜದ ಪಟ್ಟಿಗೆ ಭಾರ ಬೀಳದಂತೆ ಸೊಂಟಕ್ಕೆ ದಪ್ಪ ದಿಂಬು ಕಟ್ಟಿದ್ದೇನೆ. ಬೀರುವಿನ ಒಳಗಿದ್ದ ಬಲ್ಬ್ ತೆಗೆಸಿದೆ, ಕಿಟಕಿಯ ಎದುರಿನಿಂದ ಒಳಗೋಡೆಗೆ ಸರಿಸಿದೆ. ಬೇಸಿಗೆ ರಜೆಯಲ್ಲಿ ಕೆಳಗಿಳಿಸಿ, ನೆಟ್ ಮೇಲ್ಮುಖವಾಗಿ ತಲೆಕೆಳಗು ಮಾಡಿ, ಹಳೆ ಹತ್ತಿ ಬೆಡ್‌ಶೀಟು ಹೊದಿಸಿಡಲು ಹೇಳಿದ್ದೇನೆ. ಪ್ಲಾಸ್ಟಿಕ್ ಕವರ್ ಖಂಡಿತ ಬೇಡ.

ಯಾರೂ ಇದನ್ನು ಹಾಕಿಕೊಂಡು ಕುಣಿಯುವಂತಿಲ್ಲ ಅಂದಾಗ ಟೀಚರ್ ಮುಖ ಸಣ್ಣದಾಯಿತು. ಅದಕ್ಕೇ ಬಿಚ್ಚಿದಾಗಲೆಲ್ಲ ಅಳತೆ ಬರೆದಿಟ್ಟುಕೊಂಡು, ಪಟ್ಟಿ, ಚಡ್ಡಿ, ಬಾಡಿಸ್ ಮೂರನ್ನೂ ಕಾಗದಕ್ಕೆ ಇಳಿಸಿಕೊಂಡಿದ್ದೇನೆ. ಮುಂದಿನ ಷೋಗೆ ಅದೇ ಮಾದರಿಯಲ್ಲಿ ಒಂದು ಹೊಸ ಟುಟು. ಕಂಬಿ 85 ಇಂಚೇ, ಹುಕ್ಕು ಎಡ ಬಲ ಅದೇ ಕ್ರಮ. ಬಾಡಿಸ್‌ನ ಪಕ್ಕಕ್ಕೆ ಮಾತ್ರ ಕ್ರಾಸ್ ಬದಲು ಹಿಗ್ಗುವ ಬಟ್ಟೆ ಹಾಕಿ ಅಂತ ಟೀಚರ್ ಕೇಳುತ್ತಿದ್ದಾರೆ. ನಾನು ಇನ್ನೂ ಒಪ್ಪಿಲ್ಲ.